ಮನೆಯ ಕಂಪ್ಯೂಟರಿಗೂ ಒಂದು ಪರ್ಮಿಟ್

ಇಬ್ರಾಹಿಂಪಟ್ನಂ ಅಂದ ಕೂಡಲೇ ಹೈದರಾಬಾದಿನ ಪಕ್ಕದ್ದಾ ಅಂತ ಕೇಳುವವರೇ ಹೆಚ್ಚು. ಅದು ರಂಗಾರೆಡ್ಡಿ ಜಿಲ್ಲೆಯದು, ಬೇರೆ ಊರು. ನಮ್ಮದು ವಿಜಯವಾಡದ ಮಗ್ಗುಲಲ್ಲಿ, ಕೃಷ್ಣೆಯ ದಡದಲ್ಲಿದೆ. ಉತ್ತರಾಖಂಡದ ಸಿತಾರ್‌ಗಂಜಿನಿಂದ ಹೊರಟ 30ನೇ ರಾಷ್ಟ್ರೀಯ ಹೆದ್ದಾರಿ ಅಷ್ಟು ದೂರ ಬಂದು ಮುಗಿಯುವುದು ಇಲ್ಲೇ. ಒಂದು ಕಡೆ ಮರದ ಬೊಂಬೆಗಳ ಕೊಂಡಪಲ್ಲಿ. ಇನ್ನೊಂದು ಕಡೆ ಪವಿತ್ರ ಸಂಗಮಂ. ಪಟ್ಟಿಸೀಮೆಯಲ್ಲಿ ಪಂಪು ಮಾಡಿ ಕಾಲುವೆಯಲ್ಲಿ ತಂದ ಗೋದಾವರಿ ನೀರು ಕೃಷ್ಣೆಗೆ ಕೂಡುವ ಜಾಗ. ಎಲ್ಲಿಂದ ನೋಡಿದರೂ ಕಾಣುವುದು ಮಾತ್ರ ಚಿಮಣಿಗಳು, ಡಾ. ನಾರ್ಲ ತಾತಾರಾವ್ ಥರ್ಮಲ್ ಪವರ್ ಸ್ಟೇಷನ್ನಿನವು. ಅದರ ಮೊದಲ ಘಟಕ ಶುರುವಾದದ್ದು 1979ರಲ್ಲಿ. 800 ಮೆಗಾವಾಟಿನ ಹೊಸ ಘಟಕ ಸೇರಿದ್ದು 2023ರಲ್ಲಿ.

ನಾವು ಮೂಲದಲ್ಲಿ ರಾಯಚೂರು ಜಿಲ್ಲೆಯ ಶಕ್ತಿನಗರದವರು. ಅಲ್ಲಿಯೂ ಇದೇ ಕೃಷ್ಣೆ, ಅಲ್ಲಿಯೂ ಕಲ್ಲಿದ್ದಲು, ಅಲ್ಲಿಯೂ ಚಿಮಣಿ. ಶಕ್ತಿನಗರದ ಮುಂದೆ ಹರಿದ ನೀರು ಜುರಾಲ, ಶ್ರೀಶೈಲ, ನಾಗಾರ್ಜುನಸಾಗರ, ಪುಲಿಚಿಂತಲ ದಾಟಿ ನಮ್ಮ ಮನೆಯ ಹತ್ತಿರ ಬರುತ್ತದೆ. ಮಾವನವರು ರಾಯಚೂರು ಥರ್ಮಲ್‌ನಲ್ಲಿ ಕಂಟ್ರೋಲ್ ರೂಮಿನ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಮನೆಯವರದು ಬಾಯ್ಲರ್ ಓವರ್‌ಹಾಲ್ ಮಾಡುವ ಒಂದು ಕಂತ್ರಾಟು ಕಂಪನಿಯ ಕೆಲಸ. ಆ ಕೆಲಸವೇ ನಮ್ಮನ್ನು ಇಲ್ಲಿಗೆ ತಂದದ್ದು. ಮಗ ಇಂಟರ್ ಓದುತ್ತಾನೆ. ನಾನು ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಹೀಗೆ ನಾಲ್ಕು ಜನ ಸೇರಿ ಬಳಸುವ ಒಂದು ಡೆಸ್ಕ್‌ಟಾಪ್ ಹಾಲಿನ ಮೂಲೆಯಲ್ಲಿದೆ. ಮಗನಿಗೆ ಈಚೆಗೆ ಕೊಡಿಸಿದ ಲ್ಯಾಪ್‌ಟಾಪ್ ಬೇರೆ. ಈ ಎರಡು ಯಂತ್ರಗಳ ಉಸ್ತುವಾರಿ ನನ್ನದು. ಆ ಉಸ್ತುವಾರಿಯ ಬಗ್ಗೆ ನಾಲ್ಕು ಮಾತು ಆಡಬೇಕೆನ್ನಿಸಿದೆ, ಏಕೆಂದರೆ ನಮ್ಮ ಕಡೆಯ ಬಹಳ ಮನೆಗಳಲ್ಲಿ ಇದನ್ನು ಯಾರೂ ವಹಿಸಿಕೊಂಡಿರುವುದಿಲ್ಲ.

ಮನೆಯ ಕಂಪ್ಯೂಟರನ್ನು ತೆರೆದು ನೋಡಿ. ಒಂದೇ ಖಾತೆ ಇರುತ್ತದೆ. ಅದರ ಹೆಸರು ಯೂಸರ್ ಅಂತಲೋ, ಅಡ್ಮಿನ್ ಅಂತಲೋ, ಯಂತ್ರ ಮಾಡಿದ ಕಂಪನಿಯ ಹೆಸರೋ ಆಗಿರುತ್ತದೆ. ಪಾಸ್‌ವರ್ಡ್ ಇರುವುದಿಲ್ಲ. ಆ ಖಾತೆಗೆ ಯಂತ್ರದ ಮೇಲೆ ಪೂರ್ಣ ಅಧಿಕಾರ ಇರುತ್ತದೆ. ಏನನ್ನಾದರೂ ಹಾಕಬಹುದು, ಏನನ್ನಾದರೂ ಕಿತ್ತುಹಾಕಬಹುದು, ಆ್ಯಂಟಿವೈರಸ್ಸನ್ನೇ ಮಲಗಿಸಬಹುದು. ಅಜ್ಜ ಕೂತಾಗಲೂ ಅದೇ ಅಧಿಕಾರ, ಆರನೇ ಕ್ಲಾಸಿನ ಮೊಮ್ಮಗ ಕೂತಾಗಲೂ ಅದೇ. ಯಾರೋ ಕಳಿಸಿದ ಮೇಲ್‌ನ ಫೈಲ್ ಒತ್ತಿದಾಗ ಆ ಫೈಲಿಗೂ ಅದೇ ಅಧಿಕಾರ ಸಿಗುತ್ತದೆ. ಗಮನಿಸಬೇಕಾದ್ದು ಈ ಕೊನೆಯದನ್ನೇ. ಅಧಿಕಾರ ಕೂತ ಮನುಷ್ಯನಿಗಷ್ಟೇ ಅಲ್ಲ, ಅವನ ಹೆಸರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ದಕ್ಕುತ್ತದೆ.

ನಮ್ಮಲ್ಲಿ ನಾಲ್ಕು ಜನಕ್ಕೆ ನಾಲ್ಕು ಸಾದಾ ಖಾತೆ, ಅಂದರೆ ವಿಂಡೋಸಿನಲ್ಲಿ ಸ್ಟ್ಯಾಂಡರ್ಡ್ ಅನ್ನುವುದು. ಐದನೆಯದು ಅಡ್ಮಿನಿಸ್ಟ್ರೇಟರ್ ಖಾತೆ. ಅದರಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಹೊಸದೊಂದು ತಂತ್ರಾಂಶ ಹಾಕಬೇಕಾದಾಗ ಪರದೆ ಮಬ್ಬಾಗಿ ನಡುವೆ ಒಂದು ಚೌಕ ಮೂಡುತ್ತದಲ್ಲ, ಅಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೊಟ್ಟರೆ ಆ ಒಂದು ಕೆಲಸಕ್ಕೆ ಮಾತ್ರ ಅಧಿಕಾರ ಸಿಗುತ್ತದೆ. ಕೆಲಸ ಮುಗಿದರೆ ಅಧಿಕಾರವೂ ಮುಗಿಯಿತು.

ಇದನ್ನು ಮಾವನವರಿಗೆ ಹೇಗೆ ಹೇಳುವುದು ಎಂಬ ಯೋಚನೆ ನನಗಿತ್ತು. ಮನೆಯ ಹಿರಿಯರಿಗೆ ‘ನಿಮ್ಮ ಖಾತೆ ಸಾದಾ ಮಾಡ್ತೀನಿ’ ಅನ್ನುವುದು ಸಣ್ಣ ಮಾತಲ್ಲ. ಆದರೆ ಅವರು ನಾನು ಹೇಳಿ ಮುಗಿಸುವ ಮೊದಲೇ ಹಿಡಿದುಬಿಟ್ಟರು.

“ಪರ್ಮಿಟ್ ತಗೊಂಡಂಗ ಅದವ್ವ ಇದು,” ಅಂದರು. “ಪಂಪಿನ ಮೋಟರ್ ಬಿಚ್ಚಬೇಕಂದ್ರ ಚೀಫ್ ಇಂಜಿನಿಯರ್ ಆದ್ರೂ ಪರ್ಮಿಟ್ ಇಲ್ಲದ ಕೈ ಹಚ್ಚಂಗಿಲ್ಲ.”

ವಿದ್ಯುತ್ ಸ್ಥಾವರದಲ್ಲಿ ಈ ಪದ್ಧತಿ ಎಲ್ಲರಿಗೂ ಗೊತ್ತು. ಲೈನ್‌ಮ್ಯಾನುಗಳು ಎಲ್‌ಸಿ (ಲೈನ್ ಕ್ಲಿಯರ್) ತಗೊಳ್ಳುವುದು ಅನ್ನುತ್ತಾರೆ, ಪ್ಲಾಂಟಿನೊಳಗೆ ಪರ್ಮಿಟ್ ಅನ್ನುತ್ತಾರೆ. ಮೋಟರಿನ ಕೆಲಸ ಇದ್ದರೆ ಮೊದಲು ಅದರ ಬ್ರೇಕರನ್ನು ಹೊರಗೆ ಎಳೆದು, ಅರ್ಥಿಂಗ್ ಮಾಡಿ, ಬೀಗ ಹಾಕಿ, ಕೆಂಪು ಡೇಂಜರ್ ಟ್ಯಾಗ್ ನೇತುಹಾಕುತ್ತಾರೆ. ಯಾವ ಯಂತ್ರ, ಯಾವ ಕೆಲಸ, ಯಾರು, ಎಷ್ಟು ಹೊತ್ತಿನಿಂದ, ಎಲ್ಲವೂ ಪುಸ್ತಕದಲ್ಲಿ ಏರುತ್ತದೆ. ಕೆಲಸ ಮುಗಿದ ಮೇಲೆ ಪರ್ಮಿಟ್ ತೆಗೆದುಕೊಂಡವನೇ ಬಂದು ವಾಪಸ್ ಮಾಡಬೇಕು. ಆಮೇಲಷ್ಟೇ ಮೋಟರಿಗೆ ಕರೆಂಟು. ಇದರಲ್ಲಿ ದೊಡ್ಡವರು ಚಿಕ್ಕವರು ಎಂಬ ಮಾತೇ ಬರುವುದಿಲ್ಲ. ಒಂದು ಕೆಲಸಕ್ಕೆ ಬೇಕಾದಷ್ಟು ಅಧಿಕಾರ, ಆ ಕೆಲಸ ಮುಗಿಯುವವರೆಗೆ. ಶಕ್ತಿನಗರದ ಕ್ವಾರ್ಟರ್ಸಿನಲ್ಲಿ ಬೆಳೆದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಪರ್ಮಿಟ್ ತಪ್ಪಿದರೆ ಏನಾಗುತ್ತದೆ ಎಂಬುದು ಅಲ್ಲಿನ ಎಲ್ಲ ಮನೆಗಳಿಗೂ ಗೊತ್ತು.

ಕಂಪ್ಯೂಟರ್ ಬಲ್ಲವರು ಇದನ್ನು ಹೇಳಿದ್ದು ಇಂದು ನಿನ್ನೆಯಲ್ಲ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಬರೆದ ಒಂದು ಪ್ರಬಂಧದಲ್ಲಿ, ಪ್ರತಿ ಪ್ರೋಗ್ರಾಮೂ ಪ್ರತಿ ಬಳಕೆದಾರನೂ ತನ್ನ ಕೆಲಸಕ್ಕೆ ಬೇಕಾದ ಅತಿ ಕಡಿಮೆ ಅಧಿಕಾರದಲ್ಲಿ ನಡೆಯಬೇಕು ಎಂಬ ತತ್ವ ಇದೆ. ಯುನಿಕ್ಸ್ ಪ್ರಪಂಚದಲ್ಲಿ ರೂಟ್ ಎಂಬ ಸರ್ವಾಧಿಕಾರಿ ಖಾತೆ ಮೊದಲಿನಿಂದಲೂ ಬೇರೆಯೇ ಇತ್ತು. ಒಂದೊಂದು ಕೆಲಸಕ್ಕೆ ಮಾತ್ರ ಆ ಅಧಿಕಾರ ಎರವಲು ಪಡೆಯುವ ಸುಡೊ ಎಂಬ ಆದೇಶ 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ಆದರೆ ಅವೆಲ್ಲ ದೊಡ್ಡ ಸಂಸ್ಥೆಗಳ ಯಂತ್ರಗಳು, ಒಂದನ್ನು ನೂರು ಜನ ಹಂಚಿಕೊಳ್ಳುವಂಥವು. ಮನೆಯ ಕಂಪ್ಯೂಟರು ಬಂದದ್ದು ಇನ್ನೊಂದು ದಾರಿಯಿಂದ. ಒಬ್ಬನೇ ಒಡೆಯ, ಒಂದೇ ಯಂತ್ರ, ಬಾಗಿಲು ಯಾಕೆ ಬೇಕು ಎಂಬ ಭಾವನೆಯಿಂದ ಕಟ್ಟಿದ್ದು ಅದು.

ವಿಂಡೋಸ್ 98 ಬಳಸಿದವರಿಗೆ ನೆನಪಿರಬಹುದು. ಶುರುವಿನಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಚೌಕ ಬರುತ್ತಿತ್ತು. ಎಸ್ಕೇಪ್ ಕೀ ಒತ್ತಿದರೆ ಸಾಕು, ಒಳಗೆ ಹೋಗಬಹುದಿತ್ತು. 2001ರಲ್ಲಿ ಬಂದ ಎಕ್ಸ್‌ಪಿಯಲ್ಲಿ ಖಾತೆಗಳ ಭೇದ ನಿಜವಾಗಿಯೂ ಇತ್ತು, ಆದರೆ ಹಾಕುವಾಗ ತೆರೆದ ಖಾತೆಗಳೆಲ್ಲ ಅಡ್ಮಿನಿಸ್ಟ್ರೇಟರೇ ಆಗುತ್ತಿದ್ದವು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಕೊಂಡು ಅಸೆಂಬಲ್ ಮಾಡಿಸಿದ ಯಂತ್ರಗಳು ಉತ್ತರ ಕರ್ನಾಟಕದ ಮನೆಗಳಿಗೆಲ್ಲ ಹೋದವು. ‘ಸಿಸ್ಟಮ್ ಸ್ಲೋ ಆಗಿದೆ, ಫಾರ್ಮ್ಯಾಟ್ ಹೊಡೆಸಬೇಕು’ ಅಂದಾಗ ಬರುವ ಹುಡುಗ ಒಂದು ಸಿ.ಡಿ. ಹಾಕಿ, ಒಂದೇ ಖಾತೆ ಮಾಡಿ, ಅಪ್‌ಡೇಟ್ ಬಂದ್ ಮಾಡಿ ಹೋಗುತ್ತಿದ್ದ. ಬಂದ್ ಮಾಡುವುದಕ್ಕೂ ಕಾರಣ ಇತ್ತು. ಎಷ್ಟೋ ಸಲ ಆ ಸಿ.ಡಿ. ಕಳ್ಳ ಪ್ರತಿಯಾಗಿರುತ್ತಿತ್ತು, ಅಪ್‌ಡೇಟ್ ಬಂದರೆ ‘ಇದು ಅಸಲಿಯಲ್ಲ’ ಎಂಬ ಎಚ್ಚರಿಕೆ ಪರದೆಯ ಮೇಲೆ ಕೂತುಬಿಡುತ್ತಿತ್ತು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅಸಲಿ ವಿಂಡೋಸಿನ ಬೆಲೆ ಆ ಕಾಲದ ಒಬ್ಬ ಗುಮಾಸ್ತನ ತಿಂಗಳ ಸಂಬಳಕ್ಕೆ ಭಾರವಾಗಿತ್ತು. ಆದರೆ ಅಪ್‌ಡೇಟ್ ಅಂದರೆ ಕಾಟ ಎಂಬ ನಂಬಿಕೆ ಹುಟ್ಟಿದ್ದು ಅಲ್ಲಿ, ಆ ನಂಬಿಕೆ ಇವತ್ತಿಗೂ ಹೋಗಿಲ್ಲ.

ಇನ್ನೊಂದು ಕಾರಣ ಇಂಟರ್‌ನೆಟ್ಟು. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಪೂರ್ತಿ ಇಳಿಸಿಕೊಂಡರೆ 266 ಎಂ.ಬಿ. ಇತ್ತು. ಡಯಲ್-ಅಪ್ಪಿನಲ್ಲಿ ಅದಕ್ಕೆ ಅರ್ಧ ದಿನಕ್ಕೂ ಹೆಚ್ಚು ಹೊತ್ತು ಬೇಕು, ಅಷ್ಟು ಹೊತ್ತು ಮನೆಯ ಫೋನು ಎಂಗೇಜು, ಮೇಲೆ ಬಿಲ್ಲು. ಕಂಪ್ಯೂಟರ್ ಪತ್ರಿಕೆಗಳ ಜೊತೆ ಬರುವ ಸಿ.ಡಿ.ಯಲ್ಲಿ ಅದನ್ನು ಕೊಟ್ಟಾಗ ಮನೆಯಿಂದ ಮನೆಗೆ ಆ ಸಿ.ಡಿ. ಓಡಾಡುತ್ತಿತ್ತು. ಆಮೇಲೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂತು. ಅದರ ಒಂದು ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಬೇಕಾದರೂ ಇಳಿಸಿಕೊಳ್ಳಬಹುದಿತ್ತು. ಆ ಹೊತ್ತಿಗೆ ಅಲಾರಂ ಇಟ್ಟು ಎದ್ದು ಮೋಡೆಮ್ ಹಚ್ಚಿ ಮತ್ತೆ ಮಲಗಿದ ತಂದೆತಾಯಿಗಳು ನಮ್ಮ ಶಕ್ತಿನಗರದಲ್ಲಿ ಬಹಳ ಮಂದಿ. ಅಷ್ಟು ಕಷ್ಟಪಟ್ಟು ಇಳಿಸಿಕೊಳ್ಳಬೇಕಾದದ್ದು ಅಪ್‌ಡೇಟೋ ಸಿನಿಮಾ ಹಾಡೋ ಅಂತ ಬಂದರೆ ಮನೆಮಂದಿ ಯಾವುದನ್ನು ಆರಿಸುತ್ತಾರೆ ಹೇಳಿ. ಇವತ್ತು ಆ ಅಡಚಣೆ ಇಲ್ಲ. ಕಂಪ್ಯೂಟರಿಗೆ ತಿಂಗಳ ಅಪ್‌ಡೇಟ್ ಬಂದದ್ದು, ಹೋದದ್ದು ಗೊತ್ತೇ ಆಗುವುದಿಲ್ಲ.

ಈ ಅಪ್‌ಡೇಟ್ ಬರುವ ಹೊತ್ತೂ ಗೊತ್ತಿರಬೇಕು. 2003ರ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ರಿಪೇರಿಗಳನ್ನೆಲ್ಲ ಒಟ್ಟಿಗೆ ಬಿಡುತ್ತದೆ. ಅಲ್ಲಿ ಬೆಳಿಗ್ಗೆ 10 ಗಂಟೆ. ನಮಗೆ ಅದೇ ರಾತ್ರಿ 10:30, ಚಳಿಗಾಲದಲ್ಲಿ 11:30. ಹೀಗಾಗಿ ನಮ್ಮ ಪಾಲಿಗೆ ಅದು ಬುಧವಾರದ ಕೆಲಸ. ಬುಧವಾರ ಮಧ್ಯಾಹ್ನ ಮಕ್ಕಳು ಟ್ಯೂಷನ್ನಿಗೆ ಬರುವ ಮೊದಲು ನಾನು ಯಂತ್ರ ರೀಸ್ಟಾರ್ಟ್ ಮಾಡಿಬಿಡುತ್ತೇನೆ. ಯುಪಿಎಸ್ ಬೇಕೇಬೇಕು. ಕರೆಂಟು ಹುಟ್ಟುವ ಊರಿನಲ್ಲಿದ್ದರೂ ಮನೆಗೆ ಬರುವುದು ಓಣಿಯ ಟ್ರಾನ್ಸ್‌ಫಾರ್ಮರಿನಿಂದ ತಾನೆ. ಏಪ್ರಿಲ್, ಮೇ ಗಾಳಿಗೆ ತಂತಿ ಹರಿದರೆ ಚಿಮಣಿ ಪಕ್ಕದಲ್ಲಿದ್ದರೂ ಕತ್ತಲೆಯೇ. ಅಪ್‌ಡೇಟ್ ನಡುವೆ ಕರೆಂಟು ಹೋದರೆ ವಿಂಡೋಸ್ ಬಹುಮಟ್ಟಿಗೆ ಹಿಂದಿನ ಸ್ಥಿತಿಗೆ ಮರಳುತ್ತದೆ ನಿಜ, ಆದರೆ ಡಿಸ್ಕಿಗೆ ಬರೆಯುತ್ತಿರುವಾಗ ಕರೆಂಟು ಕಡಿಯುವುದು ಯಾವ ಯಂತ್ರಕ್ಕೂ ಒಳ್ಳೆಯದಲ್ಲ.

ಅಪ್‌ಡೇಟ್ ಯಾಕೆ ಬೇಕು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2017ರ ಮೇ 12, ಶುಕ್ರವಾರ. ವಾನಾಕ್ರೈ ಎಂಬ ಕೇಡಿನ ಪ್ರೋಗ್ರಾಮು ಪ್ರಪಂಚದ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮ ಆಂಧ್ರದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರುಗಳು ಸಿಕ್ಕಿಬಿದ್ದವು: ಚಿತ್ತೂರು, ಕೃಷ್ಣಾ, ಗುಂಟೂರು, ವಿಶಾಖಪಟ್ಟಣ, ಶ್ರೀಕಾಕುಳಂ ಜಿಲ್ಲೆಗಳಲ್ಲಿ. ಇಬ್ರಾಹಿಂಪಟ್ನಂ ಆಗ ಕೃಷ್ಣಾ ಜಿಲ್ಲೆಯಲ್ಲೇ ಇತ್ತು, ಎನ್.ಟಿ.ಆರ್. ಜಿಲ್ಲೆ ಆದದ್ದು 2022ರಲ್ಲಿ. ಕೆಂಪು ಪರದೆ, ಇಳಿಯುವ ಗಡಿಯಾರ, ಬೀಗ ಬಿದ್ದ ಕಡತಗಳು, 300 ಡಾಲರಿನಷ್ಟು ಬಿಟ್‌ಕಾಯಿನ್ ಕೊಡಿ ಎಂಬ ಬೇಡಿಕೆ. ಮೂರು ದಿನ ದಾಟಿದರೆ ದುಪ್ಪಟ್ಟು. ಮಾರ್ಕಸ್ ಹಚಿನ್ಸ್ ಎಂಬ ಇಂಗ್ಲೆಂಡಿನ ತರುಣ ಆ ಪ್ರೋಗ್ರಾಮು ಹುಡುಕುತ್ತಿದ್ದ ಒಂದು ವಿಳಾಸವನ್ನು ನೋಂದಾಯಿಸಿದ ಮೇಲೆ ಅದರ ಓಟ ನಿಂತಿತು.

ಇಲ್ಲಿ ಮನಸ್ಸಿಗೆ ಹತ್ತಬೇಕಾದ್ದು ತಾರೀಖು. ವಾನಾಕ್ರೈ ಒಳಗೆ ಬಂದ ಆ ಒಂದು ಬಿರುಕನ್ನು ಮುಚ್ಚುವ ರಿಪೇರಿ ಅದೇ ವರ್ಷದ ಮಾರ್ಚ್ 14ರಂದೇ ಬಂದಿತ್ತು. ಎರಡು ತಿಂಗಳು! ಹಾಕಿಕೊಂಡವರಿಗೆ ಏನೂ ಆಗಲಿಲ್ಲ. 2003ರ ಬ್ಲಾಸ್ಟರ್ ಎಂಬ ಇಂಥದೇ ಕೇಡಿನ ಪ್ರೋಗ್ರಾಮಿನ ಕಾಲದಲ್ಲೂ ಕತೆ ಇದೇ: ರಿಪೇರಿ ಜುಲೈಯಲ್ಲಿ, ಹಾವಳಿ ಆಗಸ್ಟಿನಲ್ಲಿ. ಅರವತ್ತು ಸೆಕೆಂಡಿನಲ್ಲಿ ಯಂತ್ರ ಬಂದ್ ಆಗುತ್ತದೆ ಎಂಬ ಎಚ್ಚರಿಕೆ ಮತ್ತೆ ಮತ್ತೆ ಬರುತ್ತಿದ್ದದ್ದು ಆಗಿನ ಸೈಬರ್ ಕೆಫೆಗಳ ಮಾಲೀಕರಿಗೆ ಮರೆತಿರಲಾರದು.

ಇನ್ನೊಂದು ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ಸಾದಾ ಖಾತೆಯಲ್ಲಿದ್ದರೆ ಅಪ್‌ಡೇಟ್ ಬೇಡ ಅಂತಲೋ, ಅಪ್‌ಡೇಟ್ ಆಗಿದ್ದರೆ ಯಾವ ಖಾತೆಯಾದರೇನು ಅಂತಲೋ ತಿಳಿದವರಿದ್ದಾರೆ. ಎರಡೂ ಸರಿಯಲ್ಲ. ಬ್ಲಾಸ್ಟರ್, ವಾನಾಕ್ರೈ ಯಾರೂ ಏನನ್ನೂ ಒತ್ತದೆ ಒಳಗೆ ಬಂದವು. ವಿಂಡೋಸಿನ ಒಳಗೇ ಪೂರ್ಣ ಅಧಿಕಾರದಲ್ಲಿ ಓಡುತ್ತಿರುವ ಸೇವೆಯೊಂದರ ಬಿರುಕನ್ನು ಹಿಡಿದು ಬಂದವು. ಅಲ್ಲಿ ಕೂತವರ ಖಾತೆ ಸಾದಾ ಆಗಿದ್ದರೂ ಅಡ್ಡಿಯಾಗುವುದಿಲ್ಲ. ಅಲ್ಲಿ ತಡೆಯುವುದು ಅಪ್‌ಡೇಟ್. ಅದೇ, ‘ನಿಮ್ಮ ಪಾರ್ಸೆಲ್ ಬಿಲ್’ ಅಂತ ಬಂದ ಫೈಲನ್ನು ನಾವೇ ಒತ್ತಿ ಓಡಿಸಿದರೆ ಎಲ್ಲ ಅಪ್‌ಡೇಟ್ ಇದ್ದರೂ ಅದು ಓಡುತ್ತದೆ, ಏಕೆಂದರೆ ಓಡಿಸಿದ್ದು ನಾವು. ಅಲ್ಲಿ ಸಾದಾ ಖಾತೆ ಕೈ ಹಿಡಿಯುತ್ತದೆ. ವಿಂಡೋಸಿನ ಫೋಲ್ಡರಿನೊಳಗೆ ಹೋಗಲು, ಉಳಿದವರ ಕಡತಗಳನ್ನು ಮುಟ್ಟಲು, ಆ್ಯಂಟಿವೈರಸ್ಸನ್ನು ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಆದರೆ ಒತ್ತಿದವರ ಸ್ವಂತ ಕಡತಗಳಿಗೆ ಬೀಗ ಹಾಕಲು ಅದಕ್ಕೆ ಯಾರ ಅನುಮತಿಯೂ ಬೇಡ. ಅದಕ್ಕೇ ಮೂರನೆಯದಾಗಿ ಬ್ಯಾಕಪ್. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹಳ್ಳ ಉಕ್ಕಿ ವಿಜಯವಾಡದ ಅರ್ಧ ಊರು ನೀರಲ್ಲಿ ನಿಂತಾಗ, ಪ್ರಕಾಶಂ ಬ್ಯಾರೇಜಿನಿಂದ 11 ಲಕ್ಷ ಕ್ಯೂಸೆಕ್ಸ್ ಮೀರಿ ಹರಿದಾಗ, ಡಿ ಡ್ರೈವಿನಲ್ಲಿ ಭದ್ರವಾಗಿದೆ ಅಂದುಕೊಂಡಿದ್ದ ಮದುವೆ ಫೋಟೋಗಳು ಕೆಸರಾದವು. ಒಂದೇ ಯಂತ್ರದೊಳಗೆ ಇನ್ನೊಂದು ಡ್ರೈವಿಗೆ ನಕಲು ಮಾಡಿದರೆ ಅದು ಬ್ಯಾಕಪ್ ಆಗುವುದಿಲ್ಲ.

ಸಾದಾ ಖಾತೆಗೂ ಅಪ್‌ಡೇಟಿಗೂ ಬಹಳ ವರ್ಷ ಹೊಂದಾಣಿಕೆ ಇರಲಿಲ್ಲ. ಎಕ್ಸ್‌ಪಿ ಕಾಲದಲ್ಲಿ ಮಕ್ಕಳಿಗೆ ಸಾದಾ ಖಾತೆ ಕೊಟ್ಟ ಜಾಣ ತಂದೆತಾಯಿಗಳೂ ಇದ್ದರು. ಅವರಿಗೆ ಆದದ್ದೇನೆಂದರೆ ವಿಂಡೋಸಿನ ರಿಪೇರಿಗಳು ಹಿನ್ನೆಲೆಯ ಸೇವೆಯಿಂದ ತಾವಾಗಿ ಬರುತ್ತಿದ್ದವು, ಆದರೆ ಬ್ರೌಸರ್, ಜಾವಾ, ಫ್ಲ್ಯಾಶ್, ಪಿಡಿಎಫ್ ಓದುವ ತಂತ್ರಾಂಶ, ಇವೆಲ್ಲ ‘ಹೊಸ ಆವೃತ್ತಿ ಇದೆ, ಹಾಕಲೇ’ ಅಂತ ಕೇಳುತ್ತಲೇ ಇರುತ್ತಿದ್ದವು. ಹ್ಞೂಂ ಅಂದರೆ ‘ನಿಮಗೆ ಅಧಿಕಾರ ಇಲ್ಲ’ ಅನ್ನುತ್ತಿದ್ದವು. ಹಗಲಿಡೀ ಆ ಕಿರಿಕಿರಿ ತಾಳಲಾರದೆ ಮಗುವಿನ ಖಾತೆಯನ್ನೇ ಅಡ್ಮಿನ್ ಮಾಡಿಬಿಟ್ಟ ಮನೆಗಳು ಎಷ್ಟೋ. ಜನ ಸೋಮಾರಿಗಳು ಅಂತ ಬೈಯುವುದು ಸುಲಭ. ಆದರೆ ಯಂತ್ರದ ವ್ಯವಸ್ಥೆಯೇ ಹಾಗಿದ್ದಾಗ ಮನೆಯವರು ಏನು ಮಾಡಿಯಾರು?

ಸರಿಹೋದದ್ದು ನಿಧಾನವಾಗಿ. 2008ರಲ್ಲಿ ಬಂದ ಕ್ರೋಮ್ ಬಳಕೆದಾರನ ಸ್ವಂತ ಫೋಲ್ಡರಿನಲ್ಲೇ ಕೂತು, ಯಾರನ್ನೂ ಕೇಳದೆ ತನ್ನನ್ನು ತಾನು ಹೊಸದು ಮಾಡಿಕೊಳ್ಳತೊಡಗಿತು. ಫೈರ್‌ಫಾಕ್ಸ್ 2012ರ ಏಪ್ರಿಲಿನ 12ನೇ ಆವೃತ್ತಿಯಲ್ಲಿ ಒಂದು ಸಣ್ಣ ಸೇವೆಯನ್ನು ಜೋಡಿಸಿತು. ಹಾಕುವಾಗ ಒಮ್ಮೆ ಅಡ್ಮಿನ್ ಒಪ್ಪಿದರೆ ಆಮೇಲಿನ ಅಪ್‌ಡೇಟುಗಳನ್ನು ಆ ಸೇವೆಯೇ ಹಾಕುತ್ತದೆ. ಈಗ ವಿಂಡೋಸ್ 10, 11ರಲ್ಲಿ ಸಾದಾ ಖಾತೆಯವರೂ ಅಪ್‌ಡೇಟ್ ಒತ್ತಿ ಹಾಕಿಸಬಹುದು. ಅಪ್‌ಡೇಟಿಗೋಸ್ಕರ ಅಡ್ಮಿನ್ ಆಗಿರಬೇಕು ಎಂಬ ಹಳೆಯ ನೆಪ ಈಗ ಉಳಿದಿಲ್ಲ.

ಮಬ್ಬು ಪರದೆಯ ಚೌಕ ಬಂದದ್ದು 2007ರ ವಿಸ್ಟಾದಲ್ಲಿ. ಆಗ ಅದು ಮಾತು ಮಾತಿಗೂ ಬಂದು ಜನ ರೋಸಿಹೋದರು. 2009ರ ವಿಂಡೋಸ್ 7ರಲ್ಲಿ ಅದನ್ನು ಹದಕ್ಕೆ ತಂದರು. ಅಡ್ಮಿನ್ ಖಾತೆಯಲ್ಲೇ ಕೂತವರಿಗೂ ವಿಂಡೋಸ್ ಎರಡು ಪಾಸು ತಯಾರಿಸುತ್ತದೆ, ಒಂದು ಸಾದಾ, ಒಂದು ಪೂರ್ಣ. ದಿನದ ಕೆಲಸ ಸಾದಾದರಲ್ಲೇ ನಡೆಯುತ್ತದೆ, ಚೌಕದಲ್ಲಿ ಹೌದು ಅಂದಾಗ ಮಾತ್ರ ಪೂರ್ಣದ್ದು ಹೊರಗೆ ಬರುತ್ತದೆ. ಪರದೆ ಮಬ್ಬಾಗುವುದು ಬರೀ ಅಲಂಕಾರ ಅಲ್ಲ. ಆ ಹೊತ್ತಿನಲ್ಲಿ ಬೇರೆ ಪ್ರೋಗ್ರಾಮುಗಳು ಆ ಚೌಕವನ್ನು ತಲುಪಿ ತಾವೇ ‘ಹೌದು’ ಒತ್ತಲಾರವು. ಮೇಲ್ಪಟ್ಟಿ ನೀಲಿಯಿದ್ದರೆ ತಯಾರಿಸಿದವರ ಗುರುತು ಸಿಕ್ಕಿದೆ ಎಂದರ್ಥ, ಹಳದಿಯಿದ್ದರೆ ಗುರುತಿಲ್ಲ. ಈ ಎರಡು ಬಣ್ಣಗಳನ್ನು ಮನೆಯವರಿಗೆಲ್ಲ ಕಲಿಸಿದ್ದೇನೆ. ಆದರೂ ಅಡ್ಮಿನ್ ಖಾತೆಯವರಿಗೆ ಬರುವುದು ಬರೀ ಹೌದು, ಇಲ್ಲ. ಬೆರಳು ಅಭ್ಯಾಸಬಲದಿಂದ ಹೌದು ಒತ್ತುತ್ತದೆ. ಸಾದಾ ಖಾತೆಯವರಿಗೆ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಟೈಪಿಸುವ ಆ ಕೆಲವು ಸೆಕೆಂಡಿನಲ್ಲಿ ಮನುಷ್ಯ ಓದುತ್ತಾನೆ.

ಬದಲಾಯಿಸಬೇಕು ಅಂದುಕೊಂಡವರು ಕ್ರಮ ಮಾತ್ರ ತಪ್ಪಬಾರದು. ಮೊದಲು ಹೊಸ ಅಡ್ಮಿನ್ ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಅದರಲ್ಲಿ ಒಮ್ಮೆ ಲಾಗಿನ್ ಆಗಿ ನೋಡಬೇಕು. ಅದು ಸರಿಯಿದ್ದರೆ, ಅಲ್ಲಿಂದಲೇ ಹಳೆಯ ಖಾತೆಯನ್ನು ಸ್ಟ್ಯಾಂಡರ್ಡ್ ಮಾಡಬೇಕು. ಹೀಗೆ ಮಾಡಿದರೆ ಹಳೆಯ ಖಾತೆಯ ಕಡತ, ಡೆಸ್ಕ್‌ಟಾಪ್, ಬ್ರೌಸರಿನ ಗುರುತುಗಳು ಯಾವುವೂ ಕದಲುವುದಿಲ್ಲ.

ಮಾವನವರ ವಿಷಯದಲ್ಲಿ ಕದಲಿದ್ದು ಬೇರೆಯೇ ಒಂದು. ಅವರು ಶಕ್ತಿನಗರದ ಮೊದಲ ದಿನಗಳ ನೆನಪು ಬರೆಯುತ್ತಿದ್ದಾರೆ: 1985ರಲ್ಲಿ ಮೊದಲ ಘಟಕ ಶುರುವಾದದ್ದು, ಕ್ಯಾಂಟೀನು, ರಾತ್ರಿ ಪಾಳಿ, ಎಲ್ಲ. ಬರೆಯುವುದು ಯೂನಿಕೋಡ್ ಬಳಕೆಗೂ ಮುಂಚಿನ ಒಂದು ಹಳೇ ಕನ್ನಡ ತಂತ್ರಾಂಶದಲ್ಲಿ. ಆ ತಂತ್ರಾಂಶ ವಿಂಡೋಸ್ 98ರ ಕಾಲದ್ದು. ಬರೆದದ್ದನ್ನು ತನ್ನದೇ ಫೋಲ್ಡರಿನಲ್ಲಿ, ಪ್ರೋಗ್ರಾಮ್ ಫೈಲ್ಸಿನೊಳಗೆ ಇಡುತ್ತದೆ. ಒಂದು ದಿನ ಮೊಮ್ಮಗ ತನ್ನ ಖಾತೆಯಿಂದ ಪ್ರಿಂಟ್ ತೆಗೆದುಕೊಡಲು ಹೋದರೆ ಆ ಫೋಲ್ಡರಿನಲ್ಲಿ ಹೊಸ ಅಧ್ಯಾಯ ಇಲ್ಲ.

“ನಿನ್ನೆ ಬರ್ದಿದ್ದು ಇವತ್ತು ಇಲ್ಲಂದ್ರ ಹೆಂಗವ್ವ?” ಅಂದರು. ಅವರ ಖಾತೆಯಲ್ಲಿ ಅದೇ ತಂತ್ರಾಂಶ ತೆರೆದರೆ ಅಧ್ಯಾಯ ಕಾಣುತ್ತದೆ. ಮೊಮ್ಮಗನ ಖಾತೆಯಲ್ಲಿ ಇಲ್ಲ.

ಸಾದಾ ಖಾತೆ ಪ್ರೋಗ್ರಾಮ್ ಫೈಲ್ಸಿನೊಳಗೆ ಬರೆಯುವ ಹಾಗಿಲ್ಲ. ಆದರೆ ಹಳೆಯ ತಂತ್ರಾಂಶಗಳು ಅಲ್ಲೇ ಬರೆಯಲು ಹೊರಟು ಮುರಿದುಬೀಳಬಾರದು ಅಂತ ವಿಸ್ಟಾದಿಂದ ಈಚೆಗೆ ವಿಂಡೋಸ್ ಒಂದು ಉಪಾಯ ಮಾಡಿದೆ. ಆ ಬರಹವನ್ನು ಸದ್ದಿಲ್ಲದೆ ಬಳಕೆದಾರನ ಸ್ವಂತ ಫೋಲ್ಡರಿನೊಳಗೆ ತಿರುಗಿಸುತ್ತದೆ: ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಹಳೆಯ ತಂತ್ರಾಂಶ ತಾನು ಪ್ರೋಗ್ರಾಮ್ ಫೈಲ್ಸಿನಲ್ಲೇ ಬರೆದೆ ಅಂದುಕೊಂಡಿರುತ್ತದೆ. ಅಧ್ಯಾಯಗಳೆಲ್ಲ ಅಲ್ಲಿದ್ದವು, ಒಂದೂ ಕಳೆದಿರಲಿಲ್ಲ. ಅವನ್ನೆಲ್ಲ ಡಾಕ್ಯುಮೆಂಟ್ಸಿಗೆ ತಂದು, ಇನ್ನು ಮೇಲೆ ಅಲ್ಲೇ ಸೇವ್ ಆಗುವಂತೆ ಮಾಡಿದ ಮೇಲೆ ತೊಂದರೆ ಇಲ್ಲ. ಆ ತಂತ್ರಾಂಶಕ್ಕೋಸ್ಕರ ಖಾತೆಯನ್ನೇ ಅಡ್ಮಿನ್ ಮಾಡಿ ಅಂತ ಸಲಹೆ ಕೊಡುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಒಂದು ಹಳೇ ಪ್ರೋಗ್ರಾಮಿನ ಅನುಕೂಲಕ್ಕೆ ಇಡೀ ಯಂತ್ರವನ್ನು ಬಿಚ್ಚಿಡುವುದು ನನಗೆ ಒಪ್ಪುವುದಿಲ್ಲ.

ಬೇರೆ ಬೇರೆ ಖಾತೆಯಿಂದ ಆದ ಇನ್ನೊಂದು ಸುಖ ಹೇಳಲೇಬೇಕು. ವಿಂಡೋಸಿನಲ್ಲಿ ಭಾಷೆ ಖಾತೆಗೆ ತಕ್ಕಂತೆ ಬೇರೆ ಇರಬಹುದು. ಮಾವನವರ ಖಾತೆ ತೆರೆದರೆ ಮೆನುಗಳೆಲ್ಲ ಕನ್ನಡದಲ್ಲಿ ಬರುತ್ತವೆ. ತೆಲುಗು ಬೋರ್ಡುಗಳ ಊರಿನಲ್ಲಿ, ಇಂಗ್ಲಿಷ್ ಯಂತ್ರದಲ್ಲಿ, ಅವರ ಪಾಲಿನ ಒಂದು ಮೂಲೆ ಕನ್ನಡವಾಗಿರುವುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ.

ಅಪ್‌ಡೇಟಿನಿಂದಲೇ ಕೆಟ್ಟದ್ದಾಗುವುದಿಲ್ಲವೇ ಎಂದರೆ ಆಗುತ್ತದೆ. 2024ರ ಜುಲೈ 19ರ ಬೆಳಿಗ್ಗೆ, ನಮ್ಮ ಗಡಿಯಾರದಲ್ಲಿ 9:39ಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ಸಣ್ಣ ಫೈಲ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ಹೈದರಾಬಾದಿನಲ್ಲಿ ವಿಮಾನ ಹತ್ತುವವರಿಗೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಒಂದೂವರೆ ಗಂಟೆಯೊಳಗೆ ಕಂಪನಿ ಫೈಲನ್ನು ಹಿಂದಕ್ಕೆ ಪಡೆಯಿತು, ಆದರೆ ಬಿದ್ದ ಯಂತ್ರಗಳನ್ನು ಜನ ಒಂದೊಂದಾಗಿ ಎಬ್ಬಿಸಬೇಕಾಯಿತು. ಅದು ಕಚೇರಿಗಳ ತಂತ್ರಾಂಶ, ಮನೆಯ ಕಂಪ್ಯೂಟರಿಗೆ ಸಂಬಂಧ ಇರಲಿಲ್ಲ. ಆದರೂ ‘ನೋಡಿದಿರಾ, ಅಪ್‌ಡೇಟ್ ಬೇಡ ಅಂತ ಅದಕ್ಕೇ ಹೇಳೋದು’ ಎಂಬ ಮಾತು ನಮ್ಮ ಓಣಿಯವರೆಗೂ ಬಂತು. ನನಗೆ ಅದರಲ್ಲಿ ಕಂಡದ್ದು ಬೇರೆ. ಆ ತಂತ್ರಾಂಶ ಓಡುತ್ತಿದ್ದದ್ದು ವಿಂಡೋಸಿನ ತೀರ ಒಳಗೆ, ಕರ್ನಲ್ ಮಟ್ಟದಲ್ಲಿ. ಅಷ್ಟು ಒಳಗಿನ ಅಧಿಕಾರ ಇದ್ದದ್ದರಿಂದಲೇ ಒಂದು ತಪ್ಪು ಫೈಲು ಇಡೀ ಯಂತ್ರವನ್ನು ಕೆಡವಲು ಆಯಿತು.

ಮಗನ ಆಟಗಳ ವಿಷಯದಲ್ಲಿ ನಾನು ಗಟ್ಟಿಯಾಗಿರುವುದು ಇದೇ ಕಾರಣಕ್ಕೆ. ಮೋಸ ತಡೆಯಲು ಅಂತ ಕೆಲವು ಆನ್‌ಲೈನ್ ಆಟಗಳು ಕರ್ನಲ್ ಮಟ್ಟದ ಒಂದು ಕಾವಲುಗಾರನನ್ನು ಜೊತೆಗೇ ತರುತ್ತವೆ. ವ್ಯಾಲೊರಂಟ್ ಜೊತೆ 2020ರಲ್ಲಿ ಬಂದ ವ್ಯಾನ್‌ಗಾರ್ಡ್ ಯಂತ್ರ ಶುರುವಾದ ಕೂಡಲೇ ತಾನೂ ಎದ್ದುಕೊಳ್ಳುತ್ತದೆ. “ಎಲ್ಲರೂ ಹಾಕ್ಕೊಂಡಾರಮ್ಮಾ” ಅನ್ನುತ್ತಾನೆ. ಅವನ ಲ್ಯಾಪ್‌ಟಾಪಿನಲ್ಲಿ ಅದು ಏನೆಂದು ಓದಿ ತಿಳಿದು ಹಾಕಿಕೊಂಡದ್ದಾಯಿತು. ಅಜ್ಜನ ಬರಹ, ಮನೆಯ ಬ್ಯಾಂಕ್ ಕೆಲಸ ಇರುವ ಡೆಸ್ಕ್‌ಟಾಪಿಗೆ ಅದು ಬರುವ ಹಾಗಿಲ್ಲ. ಈ ಮಾತನ್ನು ಅವನೂ ಒಪ್ಪಿದ್ದಾನೆ.

ಡೆಸ್ಕ್‌ಟಾಪಿಗೆ ಈಗ ವಯಸ್ಸಾಗಿದೆ. ವಿಂಡೋಸ್ 10ಕ್ಕೆ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಚಿಪ್ಪನ್ನೂ, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಮೇಲಿನದನ್ನೂ ಕೇಳುತ್ತದೆ. ನಮ್ಮದು ಅದಕ್ಕಿಂತ ಹಿಂದಿನದು. ಇಂಥ ಯಂತ್ರಗಳಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಎಂಬ ವ್ಯವಸ್ಥೆ ಮಾಡಿದ್ದಾರೆ, ಅದಕ್ಕೆ ಹೆಸರು ನೋಂದಾಯಿಸಲು ಅಡ್ಮಿನ್ ಖಾತೆಯೇ ಆಗಬೇಕು. ಆಮೇಲೆ ಲಿನಕ್ಸ್ ಹಾಕುವ ಯೋಚನೆ. ಪೆನ್ ಡ್ರೈವಿನಿಂದ ಓಡಿಸಿ ಮಾವನವರಿಗೆ ತೋರಿಸಿದ್ದೇನೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಲ್ಲಿಯೂ ಸಿಗುತ್ತದೆ, ಅವರ ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ. ಅಲ್ಲೂ ಇದೇ ಪದ್ಧತಿ, ಸುಡೊಗೆ ಪಾಸ್‌ವರ್ಡ್.

ಅದನ್ನು ನೋಡುತ್ತಲೇ ಅವರು ಕೇಳಿದ್ದು: “ಎಲ್ಲಾದಕ್ಕೂ ನೀನೇ ಪರ್ಮಿಟ್ ಕೊಡಾಕಿ. ನೀನು ಊರಿಗೆ ಹೋದಾಗ ಯಾರವ್ವ?”

ಪ್ಲಾಂಟಿನಲ್ಲಿ ಪಾಳಿ ಬದಲಾಗುವಾಗ ಪುಸ್ತಕ ಕೈಬದಲಾಗುತ್ತದೆ. ಮನೆಯಲ್ಲಿ ಅಂಥ ಪುಸ್ತಕ ಇರಲಿಲ್ಲ. ಮಗನ ಹೊಸ ಲ್ಯಾಪ್‌ಟಾಪಿನ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ಬೇರೆ ಇದೆ. ಯಾವುದಾದರೂ ಅಪ್‌ಡೇಟ್ ಆದ ಮೇಲೆ ಅದು ಒಮ್ಮೊಮ್ಮೆ 48 ಅಂಕಿಗಳ ಕೀ ಕೇಳಬಹುದು. ಕ್ರೌಡ್‌ಸ್ಟ್ರೈಕ್ ದಿನ ಎಷ್ಟೋ ಕಚೇರಿಗಳು ಪರದಾಡಿದ್ದು ಈ ಕೀ ಎಲ್ಲಿದೆ ಅಂತ ಹುಡುಕಿಯೇ. ಹಾಗಾಗಿ ಒಂದು ನೋಟ್‌ಬುಕ್ ತಂದೆವು. ಅಡ್ಮಿನ್ ಪಾಸ್‌ವರ್ಡ್, ಮೋಡೆಮ್ಮಿನ ಪಾಸ್‌ವರ್ಡ್, ಬ್ಯಾಕಪ್ ಡಿಸ್ಕ್ ಎಲ್ಲಿದೆ ಎಂಬುದು, ಎಲ್ಲ ಬರೆದಾಯಿತು. ಆ 48 ಅಂಕಿಗಳನ್ನು ಮಾತ್ರ ಮಾವನವರು ತಾವೇ ಬರೆಯುತ್ತೇನೆ ಅಂದರು. ನಾನು ಆರಾರು ಅಂಕಿ ಓದಿದೆ. ಅವರು ಬರೆದು, ಕಂಟ್ರೋಲ್ ರೂಮಿನಲ್ಲಿ ಮೀಟರ್ ರೀಡಿಂಗ್ ತಿರುಗಿ ಒಪ್ಪಿಸುವ ಹಾಗೆ, ಒಂದೊಂದು ಗುಂಪನ್ನೂ ಗಟ್ಟಿಯಾಗಿ ಓದಿ ಹೇಳಿದರು. ಐದನೇ ಗುಂಪಿನಲ್ಲಿ ಒಂದು 7, 1 ಆಗಿತ್ತು. ಅವರೇ ಹಿಡಿದು ತಿದ್ದಿದರು. ನೋಟ್‌ಬುಕ್ ಅಲ್ಮೇರಾದಲ್ಲಿದೆ. ಅದರ ಇನ್ನೊಂದು ಪ್ರತಿ ಮನೆಯ ಹೊರಗೆ ಇರಬೇಕು ಅಂತ ಅವರೇ ಹೇಳಿ, ಲಕೋಟೆಯಲ್ಲಿ ಹಾಕಿ ಅಂಟಿಸಿದ್ದಾರೆ. ಅಮರಾವತಿ ಎಕ್ಸ್‌ಪ್ರೆಸ್ಸಿಗೆ ಬಳ್ಳಾರಿಯಿಂದ ನಾದಿನಿ ಬರುವವಳಿದ್ದಾಳೆ, ಅವಳ ಕೈಗೆ ಕೊಡುವುದಂತೆ.